ಘಟಕ ಮೂರು: ಬಡ್ಡಿ

ಮಧ್ಯಾಹ್ನ ಎರಡೂವರೆ. ಬಿ.ಕಾಂ. ನಾಲ್ಕನೇ ಸೆಮಿಸ್ಟರು.
ಇರುವ ಫ್ಯಾನು ಮೂರು, ತಿರುಗುವುದು ಒಂದು.
ಅದರ ಕೆಳಗೆ ಕೂತವರೇ ಸದ್ಯಕ್ಕೆ ಸಾಹುಕಾರರು.
ರಾಯಚೂರಿನ ಏಪ್ರಿಲ್ಲು ಕಿಟಕಿಯ ಸರಳು ಹಿಡಿದು
ಹಾಜರಿ ಹಾಕಿಸಿಕೊಳ್ಳಲು ಬಂದವರ ಹಾಗೆ ಇಣುಕುತ್ತದೆ.

ಹಣಕಾಸು ಸಾಕ್ಷರತೆ, ಎಂದು ಬರೆದೆ ಬೋರ್ಡಿನ ಮೇಲೆ.
'ಕ್ಷ' ಬರೆಯುವಾಗ ಸೀಮೆಸುಣ್ಣ ಮುರಿಯಿತು.
ಬಂದ ದುಡ್ಡಿನಲ್ಲಿ ಐದರಲ್ಲೊಂದು ಪಾಲು
ಮೊದಲು ಎತ್ತಿಡಿ, ಆಮೇಲೆ ಖರ್ಚು, ಎಂದೆ
ಆರು ತಿಂಗಳಿಂದ ಗೌರವಧನದ ಮುಖ ನೋಡದ
ಅತಿಥಿ ಉಪನ್ಯಾಸಕ ನಾನು.
ಹದಿಮೂರು ವರ್ಷವಾಯಿತು, ಈ ಅತಿಥಿಗೆ
ಇನ್ನೂ ಯಾರೂ ಎಲೆ ಹಾಕಿಲ್ಲ.

ಹೋದ ವಾರ ನಿಮ್ಮ ರೊಕ್ಕ ಎಲ್ಲಿ ಹೋಯ್ತು? ಬರೀರಿ.
ಸುಳ್ಳು ಬರೀಬ್ಯಾಡ್ರಿ, ಮಾರ್ಕ್ಸ್ ಇಲ್ಲ.

ಮೌನೇಶ ಬರೆದ:
ಗಂಜಿನಲ್ಲಿ ರಾತ್ರಿ ಭತ್ತದ ಚೀಲ ಹೊತ್ತಿದ್ದು, ನಾನೂರು.
ಬಸ್ಸು, ಒಗ್ಗರಣಿ-ಮಿರ್ಚಿ, ತಂಗಿಯ ಕಂಪಾಸು ಪೆಟ್ಟಿಗೆ.
ಕೊನೆಯ ಸಾಲು: ಗೊತ್ತಿಲ್ಲ, ನೂರಾ ಹತ್ತು.
ನಸ್ರೀನಾ ಮದುಮಗಳ ಕೈಗೆ ಮೆಹಂದಿ ಬಿಡಿಸಿ ಗಳಿಸಿದ್ದು ಆರುನೂರು,
ಮೊಬೈಲಿನ ಕಂತಿಗೆ ಅಷ್ಟೂ.
ಹಿಂದಿನ ಬೆಂಚಿನ ತಿಮ್ಮಾರೆಡ್ಡಿ
ಫೋನಿನೊಳಗೆ ಹನ್ನೊಂದು ಮಂದಿಯ ತಂಡ ಕಟ್ಟಿ
ನಲವತ್ತೊಂಬತ್ತು ಸೋತಿದ್ದ. ಏಳು ಸಲ.

ನಕ್ಕೆವು. ಫ್ಯಾನೂ ಕರೆಂಟು ಹೋಗಿ ನಿಂತಿತು.

ಈಗ ಒಂದು ಲೆಕ್ಕ, ಎಂದೆ, ಕರವಸ್ತ್ರ ಕುತ್ತಿಗೆಗೆ ಸುತ್ತಿ.
ಒಂದು ಆ್ಯಪು. ಸಾಲ ಐದು ಸಾವಿರ.
ಕೈಗೆ ಬರುವುದು ಮೂರೂವರೆ,
ಏಳನೇ ದಿನ ಕಟ್ಟುವುದು ಪೂರಾ ಐದು.
ಹಾಗಾದರೆ ವರ್ಷಕ್ಕೆ ಬಡ್ಡಿ?

ಪೆನ್ನುಗಳ ಗೀರು. ಹೊರಗೆ ಕಾಗೆಯೊಂದು
ನಲ್ಲಿಯ ಬಾಯಿಗೆ ಕೊಕ್ಕಿಟ್ಟು ಸುಮ್ಮನೆ ಕೂತಿತ್ತು.
ಹುಲಿಗೆಮ್ಮ ಎದ್ದಳು. ಕ್ಯಾಲ್ಕುಲೇಟರು ಮುಟ್ಟಿರಲಿಲ್ಲ.
'ನೂರಕ್ಕ ಎರಡು ಸಾವಿರದ ಇನ್ನೂರ ಇಪ್ಪತ್ತೆಂಟು, ಸರ್.
ಚಿಲ್ಲರಿ ಬಿಟ್ಟು.'

ಹೋ ಎಂದಿತು ಕ್ಲಾಸು.
'ಇಂಥಾ ಸಾಲ ಯಾವ ಹುಚ್ಚ ತಗೋತಾನಲೇ?' ತಿಮ್ಮಾರೆಡ್ಡಿ.
ಎಲ್ಲರೂ ನಕ್ಕರು.
ಹುಲಿಗೆಮ್ಮ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.
ಡೆಸ್ಕಿನ ಮೇಲೆ ಮಗುಚಿಟ್ಟ ಫೋನನ್ನು
ಇನ್ನಷ್ಟು ಹತ್ತಿರ ಎಳೆದುಕೊಂಡಳು, ಮುಚ್ಚಿಕೊಳ್ಳುವ ಹಾಗೆ.

ಆಗ ತಿಳಿಯಿತು.

ಸಿಲಿಂಡರು ಮುಗಿದ ರಾತ್ರಿ ಹಸಿರು ಗುಂಡಿ ಕೇಳಿತ್ತು:
ನಿಮ್ಮ ಸಂಪರ್ಕಗಳನ್ನು ನೋಡಲು ಅನುಮತಿಸುತ್ತೀರಾ?
ಒತ್ತಿದ್ದೆ. ಓದಿ ಒತ್ತಿದ್ದೆ, ಅದೇ ಮಜಾ.
ಅದರೊಳಗೆ ಅಣ್ಣ, ಮಾವ, ಹಾಲಿನ ಬಸಪ್ಪ,
ಮತ್ತೆ 'ಬಿ.ಕಾಂ.' ಎಂದು ಶುರುವಾಗುವ
ಅರವತ್ತೊಂದು ಹೆಸರು.
ನಿನ್ನೆ ರಾತ್ರಿ ಯಾರೋ ಹಿಂದಿಯಲ್ಲಿ ಕೂಗಾಡಿರಬೇಕು
ದೇವದುರ್ಗದ ರಸ್ತೆಯ ಒಂದು ಮನೆಯ ಫೋನಿಗೆ:
ನಿಮ್ಮ ಮಾಸ್ತರು ಕಳ್ಳ.

ಅವಳು ಲೆಕ್ಕ ಮಾಡಿದ್ದು ಈಗಲ್ಲ. ರಾತ್ರಿಯೇ.

ಸೀಮೆಸುಣ್ಣದ ಸಣ್ಣ ತುಂಡು ಹಿಡಿದು
'ಒಂದು ಆ್ಯಪು' ಅಳಿಸಿದೆ.
ಆ ಜಾಗದಲ್ಲಿ ಬರೆದೆ ನನ್ನ ಹೆಸರು, ಇನಿಷಿಯಲ್ಲಿನ ಸಮೇತ.
ತಗೊಂಡ ತಾರೀಖು. ಮೊದಲ ಸಲದ್ದು ಕಟ್ಟಲು ಎರಡನೆಯದು,
ಎರಡನೆಯದಕ್ಕೆ ಮೂರನೆಯದು.
ಕೈ ಬೆವರಿ ಅಂಕಿ ಜಾರುತ್ತಿದ್ದವು.

ಯಾರೂ ನಗಲಿಲ್ಲ ಈಗ. ಬಹಳ ಹೊತ್ತಿನ ಮೇಲೆ
ಮೌನೇಶನ ಕೈ ಮೇಲೆದ್ದಿತು, ಅರ್ಧ.
'ಆ ನೂರಾ ಹತ್ತು... ಅದು ನಂಗ ಗೊತ್ತೈತ್ರಿ ಸರ್.'
ಆಮೇಲೆ ನಸ್ರೀನಾಳ ಮದರಂಗಿ ಕೈ.
ಮತ್ತೊಂದು. ನಾನು ಎಣಿಸುವುದನ್ನು ಬಿಟ್ಟೆ.

ಜೇಬಿನಲ್ಲಿ ಫೋನು ಗುಂಯ್ ಎಂದಿತು.
ಫ್ಯಾನಿಲ್ಲದ ಕೋಣೆ, ಎಲ್ಲರಿಗೂ ಕೇಳಿತು.
'ಇರ್ಲಿ ಬಿಡ್ರಿ ಸರ್,' ಅಂದಳು ಹುಲಿಗೆಮ್ಮ,
ಹೊಸ ಹಾಳೆಗೆ ಮಾರ್ಜಿನ್ ಎಳೆಯುತ್ತ,
'ಎರಡನೇದರ ತಾರೀಖು ಹೇಳ್ರಿ.'